ಎರಡೂ ಟ್ರ್ಯಾಕ್ 8ಎ, ಬೀಟೂ ಕೂತಿದೆ, ಆದ್ರೂ ಶ್ರುತಿ ಸೇರ್ತಿಲ್ಲ

ನಿಧಾನಬೀಟ್:
ಡೌನ್‌ಟೆಂಪೋ (ನಿಧಾನಗತಿಯ ಎಲೆಕ್ಟ್ರಾನಿಕ್ ಸಂಗೀತ) ಡಿಜೆ ಸೆಟ್ ಒಂದು ಕಟ್ಟುತ್ತಿದ್ದೇನೆ. ಡಿಜೆ ಸಾಫ್ಟ್‌ವೇರ್ ಮಿಕ್ಸ್ (ಹೆಸರಲ್ಲಿ ಎಕ್ಸ್ ಮೂರು ಸಲ ಬರುತ್ತಲ್ಲ, ಆ ಉಚಿತದ್ದು). ಈಗ ಓಡುತ್ತಿರೋ ಟ್ರ್ಯಾಕ್ 102 ಬಿಪಿಎಂ (ನಿಮಿಷಕ್ಕೆ ಬೀಟ್), ಮುಂದಿನದು 96. ಕ್ಯಾಮಲಾಟ್ ಚಕ್ರದಲ್ಲಿ (ಪ್ರತಿ ಶ್ರುತಿಗೂ ಒಂದು ನಂಬರ್ ಕೊಟ್ಟು ಯಾವುದು ಯಾವುದಕ್ಕೆ ಹೊಂದುತ್ತೆ ಅಂತ ತೋರಿಸೋದು) ಎರಡೂ 8ಎ, ಅಂದ್ರೆ ಎ ಮೈನರ್. ಸಿಂಕ್ ಒತ್ತಿದರೆ ಬೀಟ್ ಪಕ್ಕಾ ಕೂರುತ್ತದೆ. ಆದರೆ ಎರಡನೇದರ ಪ್ಯಾಡ್ (ಹಿನ್ನೆಲೆಯಲ್ಲಿ ಎಳೆಯೋ ಉದ್ದ ಸ್ವರ) ಶುರುವಾದ ತಕ್ಷಣ ಫೇಡರ್ ಇಳಿಸಿಬಿಡೋಣ ಅನ್ನಿಸುತ್ತದೆ, ಅಷ್ಟು ಅಪಸ್ವರ. ಎರಡನ್ನೂ ನಡುವೆ 99ಕ್ಕೆ ತಂದೆ, ಅದೇ ಕಥೆ. ಸಾಫ್ಟ್‌ವೇರ್ ಕೀ (ಟ್ರ್ಯಾಕ್‌ನ ಶ್ರುತಿ) ಪತ್ತೆ ಮಾಡಿದ್ದೇ ತಪ್ಪಾ?

ಹಳೇಡೆಕ್:
ಕೀ ಲಾಕ್ (ವೇಗ ಬದಲಾದರೂ ಶ್ರುತಿ ಬದಲಾಗದ ಹಾಗೆ ಹಿಡಿಯೋದು) ಹಾಕಿದ್ದೀರಾ?

ನಿಧಾನಬೀಟ್:
ಇಲ್ಲ ಸರ್. ಹಾಕಿದರೆ ಪ್ಯಾಡ್ ನಡುಗುತ್ತದೆ, ಕಿಕ್ ಡ್ರಮ್ ಏಟು ಮೆತ್ತಗಾಗುತ್ತದೆ. ಅದಕ್ಕೇ ತೆಗೆದಿಟ್ಟಿದ್ದೇನೆ.

ಹಳೇಡೆಕ್:
ಹಾಗಾದ್ರೆ ಪತ್ತೆ ಸರಿಯಾಗೇ ಇದೆ. ಲೈಬ್ರರಿಯಲ್ಲಿ ಕಾಣೋ 8ಎ ಮೂಲ ವೇಗದ್ದು. ಕೀ ಲಾಕ್ ಇಲ್ಲದೆ ವೇಗ ಏರಿಸಿದರೆ ಶ್ರುತಿಯೂ ಏರುತ್ತದೆ, ಸುಮಾರು 6 ಪರ್ಸೆಂಟಿಗೆ ಒಂದು ಸೆಮಿಟೋನ್, ಅಂದ್ರೆ ಹಾರ್ಮೋನಿಯಂನಲ್ಲಿ ಒಂದು ಮನೆ. 96ರಿಂದ 102 ಅಂದ್ರೆ 6.25 ಪರ್ಸೆಂಟ್. ನಿಮ್ಮ ಎ ಮೈನರ್ ಹೋಗಿ ಬಿ ಫ್ಲಾಟ್ ಮೈನರ್ ಆಯ್ತು, ಚಕ್ರದಲ್ಲಿ 3ಎ. ಹಾರ್ಮೋನಿಯಂನಲ್ಲಿ ಒಂದು ಬಿಳಿ ಮನೆ, ಅದರ ಪಕ್ಕದ ಕರಿ ಮನೆ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದ ಹಾಗೆ.

99ಕ್ಕೆ ತಂದರೂ ಯಾಕೆ ಸರಿಹೋಗಲಿಲ್ಲ ಅಂದ್ರೆ, ಒಂದು ಅರ್ಧ ಸೆಮಿಟೋನ್ ಮೇಲೆ ಹೋಯ್ತು, ಇನ್ನೊಂದು ಅರ್ಧ ಕೆಳಗೆ ಬಂತು. ನಡುವಿನ ಅಂತರ ಹಾಗೇ ಉಳಿಯಿತು, ಅಲ್ವಾ? ಆದರೆ ಕೀ ಲಾಕ್ ಹಾಕಿಕೊಂಡು 99ಕ್ಕೆ ತಂದರೆ ಲಾಭ ಇದೆ. ಒಂದನ್ನೇ 6 ಪರ್ಸೆಂಟ್ ಎಳೆಯೋ ಬದಲು ಎರಡನ್ನೂ 3 ಪರ್ಸೆಂಟ್ ಆಚೀಚೆ ಮಾಡುತ್ತೀರಿ, ನಡುಕ ಕಡಿಮೆಯಾಗುತ್ತದೆ. ಜೊತೆಗೆ ಸೆಟ್ಟಿಂಗ್ಸ್‌ನ ಸೌಂಡ್ ಹಾರ್ಡ್‌ವೇರ್ ಪುಟದಲ್ಲಿ ಕೀ ಲಾಕ್ ಎಂಜಿನ್ ರಬ್ಬರ್‌ಬ್ಯಾಂಡ್‌ಗೆ ಬದಲಾಯಿಸಿ. ಸಿಪಿಯು ಜಾಸ್ತಿ ತಿನ್ನುತ್ತದೆ, ಪ್ಯಾಡ್ ಮಾತ್ರ ಶುದ್ಧವಾಗಿ ಬರುತ್ತದೆ.

ಕೀ ಲಾಕ್ ಬೇಡವೇ ಬೇಡ ಅಂದ್ರೆ 96ರಲ್ಲಿ 1ಎ ಟ್ರ್ಯಾಕ್ ಹುಡುಕಿ. 102ಕ್ಕೆ ಎತ್ತಿದಾಗ ಅದೇ 8ಎ ಆಗುತ್ತದೆ. ಟೆಕ್ನಿಕ್ಸ್ 1200 ರೆಕಾರ್ಡ್ ಪ್ಲೇಯರ್ ಮೇಲೆ ಕಲಿತವರಿಗೆ ಬೇರೆ ದಾರಿಯೇ ಇರಲಿಲ್ಲ, ಅವರು ಕಿವಿಯಲ್ಲೇ ಈ ಲೆಕ್ಕ ಹಾಕುತ್ತಿದ್ದರು.

ನಿಧಾನಬೀಟ್:
ರಬ್ಬರ್‌ಬ್ಯಾಂಡ್ ಹಾಕಿ 99ಕ್ಕೆ ತಂದೆ, ಕೂತಿತು! ಈಗ ಇನ್ನೊಂದು ಜೋಡಿ. 108 ಮತ್ತು 110, ಎರಡೂ 4ಎ, ಕೀ ಲಾಕ್ ಆನ್ ಇದೆ. ದೊಡ್ಡ ಅಪಸ್ವರ ಅಲ್ಲ, ಆದರೆ ಉದ್ದ ಸ್ವರಗಳು ಒಂದರ ಮೇಲೊಂದು ಬಂದಾಗ ವ್ಞಾಂವ್ ವ್ಞಾಂವ್ ಅಂತ ತೂಗಾಡುತ್ತವೆ.

ತಂಬೂರಿ_ಟೆಕ್:
108ರ ಟ್ರ್ಯಾಕ್‌ನ ಒಂದು ಉದ್ದ ಸ್ವರಕ್ಕೆ ಟ್ಯೂನರ್ ಆ್ಯಪ್ ಹಿಡಿದು ನೋಡಿ. ಸುಮಾರು 32 ಸೆಂಟ್ಸ್ (ನೂರು ಸೆಂಟ್ಸ್ ಅಂದ್ರೆ ಒಂದು ಸೆಮಿಟೋನ್) ಕೆಳಗೆ ತೋರಿಸಿದರೆ, ಅದನ್ನು ಎ ಸ್ವರ ಮಾಮೂಲಿ 440ರ ಬದಲು 432 ಹರ್ಟ್ಸ್‌ಗೆ ಟ್ಯೂನ್ ಮಾಡಿದ್ದಾರೆ. ಧ್ಯಾನ, ಯೋಗ ಅಂತ ಮಾಡೋ ಡೌನ್‌ಟೆಂಪೋದಲ್ಲಿ ಇದು ಆಗಾಗ ಸಿಗುತ್ತದೆ. 432ರಿಂದ ಏನೇನೋ ವಾಸಿಯಾಗುತ್ತೆ ಅನ್ನೋದನ್ನ ನಾನು ನಂಬಲ್ಲ, ಅದು ಬೇರೆ ಜಗಳ. ಕೀ ಪತ್ತೆ ಹತ್ತಿರದ ಸ್ವರದ ಹೆಸರು ಕೊಟ್ಟು ಸುಮ್ನಾಗುತ್ತದೆ, ಸೆಂಟ್ಸ್ ವ್ಯತ್ಯಾಸ 4ಎ ಅನ್ನೋ ಲೇಬಲ್‌ನಲ್ಲಿ ಕಾಣಲ್ಲ.

ಮಜಾ ಏನಂದ್ರೆ 432ಕ್ಕೂ 440ಕ್ಕೂ ಇರೋ ಅನುಪಾತವೇ 108ಕ್ಕೂ 110ಕ್ಕೂ ಇದೆ. 108ರ ಟ್ರ್ಯಾಕ್‌ನಲ್ಲಿ ಮಾತ್ರ ಕೀ ಲಾಕ್ ತೆಗೆದು 110ಕ್ಕೆ ಸಿಂಕ್ ಮಾಡಿ, ಶ್ರುತಿ ತಾನಾಗೇ ಮೇಲೆ ಬರುತ್ತದೆ. ಬೇರೆ ವೇಗದ ಟ್ರ್ಯಾಕ್ ಜೊತೆ ಹಾಕೋವಾಗ ಕೀ ಲಾಕ್ ಇಟ್ಟುಕೊಂಡೇ ಪಿಚ್ ನಾಬ್‌ನಲ್ಲಿ 32 ಸೆಂಟ್ಸ್ ಏರಿಸಿ.

ನಿಧಾನಬೀಟ್:
31 ತೋರಿಸಿತು! ಲಾಕ್ ತೆಗೆದೆ, ತೂಗಾಟ ಹೋಯ್ತು. ಆದರೆ ಈಗ ಬಾಸ್ ಎರಡೂ ಸೇರಿ ಗುಂಯ್ ಅನ್ನುತ್ತಿದೆ. ಇದೂ ಕೀನಾ?

ಹಳೇಡೆಕ್:
ಅಲ್ಲ, ಶ್ರುತಿ ಸೇರಿದರೂ ಎರಡು ಬಾಸ್ ಒಟ್ಟಿಗೆ ಇರಬಾರದು. ಬರೋ ಟ್ರ್ಯಾಕ್‌ನ ಲೋ ಇಕ್ಯೂ (ಬಾಸ್ ನಾಬ್) ಪೂರ್ತಿ ಇಳಿಸಿ ತನ್ನಿ, ಹಳೇದರ ಬಾಸ್ ತೆಗೆಯೋ ಬೀಟ್‌ಗೇ ಹೊಸದನ್ನು ಬಿಡಿ. 110ರಲ್ಲಿ 32 ಬಾರ್ (128 ಬೀಟ್) ಅಂದ್ರೆ 70 ಸೆಕೆಂಡ್ ಇದೆ, ಆತುರ ಬೇಡ.