ಸಹಾಯ ಬೇಕು: 1932ರ ಫೋರ್ಡ್ ಹಾಟ್ ರಾಡ್ (ಮಾರ್ಪಡಿಸಿದ ಹಳೇ ಕಾರು), ಮುಂಭಾಗದ ಆಕ್ಸಲ್ ಸೆಟ್‌ಗೆ ಕ್ರೋಮ್

ಡ್ರಾಪ್ ಐ-ಬೀಮ್ ಆಕ್ಸಲ್ (ಕಾರು ತಗ್ಗಾಗಿ ಕೂರೋ ಹಾಗೆ ಬಾಗಿಸಿದ್ದು), ಹೇರ್‌ಪಿನ್ ರಾಡ್ (ಆಕ್ಸಲನ್ನ ಚಾಸಿಗೆ ಹಿಡಿದಿಡೋ ಕೊಳವೆ), ಸ್ಪಿಂಡಲ್ (ಚಕ್ರ ಕೂರೋ ಭಾಗ): ಇಷ್ಟಕ್ಕೂ ತಾಮ್ರ, ನಿಕ್ಕಲ್, ಕ್ರೋಮ್ ಮೂರೂ ಪದರ ಬೇಕು. ಅಡ್ಡ ಪಟ್ಟಿ ಸ್ಪ್ರಿಂಗ್‌ಗೆ ಮಾತ್ರ ಬೇಡ, ಕಪ್ಪು ಬಣ್ಣ ಸಾಕು. ಸ್ಪ್ರಿಂಗ್ ಉಕ್ಕು ತುಂಬಾ ಗಡಸು. ತುಕ್ಕು ತೆಗೆಯೋ ಆಸಿಡ್ ತೊಟ್ಟಿಯಲ್ಲಿ ಹೈಡ್ರೋಜನ್ ಒಳಗೆ ಸೇರಿಕೊಂಡರೆ ಮುನ್ಸೂಚನೆಯೇ ಇಲ್ಲದೆ ಮುರಿಯುತ್ತೆ. ಹೈ-ಟೆನ್ಸೈಲ್ ಬೋಲ್ಟ್‌ಗಳದ್ದೂ ಇದೇ ಕಥೆ.

ತಲೆನೋವು ಸ್ಪಿಂಡಲ್‌ನದ್ದು. ಪ್ಲೇಟಿಂಗ್ ಮುಗಿದ 4 ಗಂಟೆಯೊಳಗೆ ಹೈಡ್ರೋಜನ್ ಹೊರಹೋಗೋಕೆ ಸುಮಾರು 190–220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಓವನ್‌ನಲ್ಲಿ ಬೇಕ್ ಮಾಡಬೇಕು ಅಂತಾರೆ, ಆದರೆ ಮೇಲಿರೋ ನಿಕ್ಕಲ್ ಹೈಡ್ರೋಜನ್‌ನ ಸುಲಭವಾಗಿ ಹೊರಗೆ ಬಿಡಲ್ಲ. ಹಾಗಾದರೆ ಆಸಿಡ್ ಬದಲು ಮರಳು ಬ್ಲಾಸ್ಟ್ ಮಾಡಿಸಿ ಪ್ಲೇಟಿಂಗ್ ತೊಟ್ಟಿಗೆ ಇಳಿಸೋದೇ ಮೇಲಾ? ಓವನ್ ಇರೋ ಪ್ಲೇಟಿಂಗ್ ಅಂಗಡಿ ಯಾರಿಗಾದರೂ ಗೊತ್ತಾ?

ಇನ್ನೊಂದು, ಕಿಂಗ್‌ಪಿನ್ (ಸ್ಪಿಂಡಲ್ ತಿರುಗೋಕೆ ಆಧಾರವಾದ ಪಿನ್) ತೂತು. ಪದರ 30 ಮೈಕ್ರಾನ್ ಕೂತರೂ ವ್ಯಾಸ 0.06 ಮಿ.ಮೀ. ಕಿರಿದಾಗುತ್ತೆ, ಪಿನ್ ಹೋಗಲ್ಲ. ಆಮೇಲೆ ರೀಮರ್ (ತೂತು ಅಗಲಿಸೋ ಉಪಕರಣ) ಹಾಕಿದರೆ ಅಂಚಿನ ಕ್ರೋಮ್ ಸಿಪ್ಪೆ ಏಳುತ್ತೆ. ಪದರ ಕೂರದ ಹಾಗೆ ತೂತು ಮುಚ್ಚೋಕೆ ರಬ್ಬರ್ ಬಿರಡೆ ಸಾಕಾ, ಮೇಣ ಬೇಕಾ? ಥ್ರೆಡ್‌ಗೆ ಏನು ಸುತ್ತುತ್ತೀರಿ? ಹೇರ್‌ಪಿನ್ ಕೊಳವೆಯೊಳಗೆ ಆಸಿಡ್ ನಿಲ್ಲದ ಹಾಗೆ ಡ್ರೈನ್ ತೂತು ಎಲ್ಲಿ ಕೊರೆಯೋದು? ಮಾಡಿಸಿದವರು ದಯವಿಟ್ಟು ಫೋಟೋ ಸಮೇತ ತಿಳಿಸಿ.