ಹತ್ತು ವರ್ಷದ ಮಗಳಿಗೆ ‘ಹೊಟ್ಟೆನೋವು’ ಅಂತ ಸುಳ್ಳು ಹೇಳಿದೆ. ನಿಜ ಹೇಳೋದು ಹೇಗೆ?

ಪ್ರಶ್ನೆ: ಇಬ್ಬರು ಮಕ್ಕಳ ಅಮ್ಮಿ

ಕಳೆದ ರಮಜಾನಿನಲ್ಲಿ, ಮುಟ್ಟಾಗಿ ರೋಜಾ (ಉಪವಾಸ) ಬಿಟ್ಟಿದ್ದ ದಿನ, ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತು ನೀರು ಕುಡಿಯುತ್ತಿದ್ದಾಗ ಮಗಳು ಬಂದುಬಿಟ್ಟಳು. ‘ಅಮ್ಮಿ, ರೋಜಾ ಇಲ್ವಾ?’ ಹೊಟ್ಟೆನೋವು ಅಂದೆ. ಆ ಐದಾರು ದಿನವೂ ನಾನು ಸಹರಿಗೆ (ಬೆಳಗಿನ ಜಾವದ ಊಟಕ್ಕೆ) ಎದ್ದು ಎಲ್ಲರ ಜೊತೆ ಕೂತು ಉಂಡಿದ್ದೆ. ಮಗನಿಗೆ, ಮಾವನವರಿಗೆ ಗೊತ್ತಾಗಬಾರದಲ್ಲ. ನಮ್ಮಲ್ಲಿ ಎಷ್ಟು ಹೆಂಗಸರು ಹೀಗೆ ರೋಜಾದ ನಾಟಕ ಆಡುತ್ತೇವೋ!

ನನಗೆ 12ರಲ್ಲಿ ಮೊದಲ ಸಲ ಆದಾಗ ನಾನಿ ಹಳೇ ಬಟ್ಟೆ ಕೈಗಿಟ್ಟು ‘ಕುರ್‌ಆನ್ ಮುಟ್ಟಬೇಡ, ಯಾರಿಗೂ ಹೇಳಬೇಡ’ ಅಂದರು. ಮೂರು ದಿನ ಸತ್ತೇಹೋಗ್ತೀನಿ ಅಂದುಕೊಂಡಿದ್ದೆ. ನಿಕಾಹ್ ಹಿಂದಿನ ರಾತ್ರಿ ಭಾಬಿ ಕಿವಿಯಲ್ಲಿ ಏನೋ ಹೇಳಿ ನಕ್ಕರು. ನನ್ನ ವಿದ್ಯಾಭ್ಯಾಸ ಇಷ್ಟೇ.

ಮಗನಿಗೆ 13. ಬೆಳಿಗ್ಗೆ ಬೆಡ್‌ಶೀಟನ್ನು ತಾನೇ ಒಗೆದು ಹಾಕಿದ್ದ. ಅವರಪ್ಪನಿಗೆ ಹೇಳಿದರೆ, ‘ನಮಗ್ಯಾರು ಹೇಳಿಕೊಟ್ಟಿದ್ರು? ತಾನೇ ಕಲೀತಾನೆ ಬಿಡು’ ಅಂತಾರೆ. ಎಲ್ಲಿ ಕಲೀತಾನೆ, ಮೊಬೈಲಿನಲ್ಲಿ ತಾನೆ?

ನನಗೆ ಮನಸ್ಸಿದೆ, ಮಾತು ಸಿಗುತ್ತಿಲ್ಲ. ಮನೆಯಲ್ಲಾಡುವ ಉರ್ದುವಿನಲ್ಲಿ ಆ ಅಂಗಗಳ ಹೆಸರೆಲ್ಲ ಬೈಗುಳ. ಕನ್ನಡದಲ್ಲಿ ಹೇಳಹೋದರೆ ವಿಜ್ಞಾನದ ಪಾಠ ಒಪ್ಪಿಸಿದಂತೆ. ಹಯಾ (ನಾಚಿಕೆ, ಮರ್ಯಾದೆ) ಬಿಡದೆ ಶುರು ಮಾಡೋದು ಹೇಗೆ?

ಉತ್ತರ 1: ಹಳೇ ಕಾಲದವನು

ಶುರು ಮಾಡೋದೇ ಬೇಡ ತಂಗಿ. ಇಲ್ಲದ್ದನ್ನು ತಲೆಗೆ ಹಾಕಿದ ಹಾಗಾಗುತ್ತದೆ. ಮದುವೆ ಹೊತ್ತಿಗೆ ಎಲ್ಲ ತಿಳಿಯುತ್ತದೆ.

ಉತ್ತರ 2: ಮದ್ರಸಾದ ಆಪಾ

ಭಾಯಿ, ಗುಸುಲ್ (ಶುದ್ಧಿಯ ಸ್ನಾನ) ಮದುವೆವರೆಗೆ ಕಾಯುವುದಿಲ್ಲ. ಬಾಲಿಗ್ ಆದ (ಪ್ರಾಯಕ್ಕೆ ಬಂದ) ದಿನದಿಂದಲೇ ನಮಾಜು, ರೋಜಾ ಫರ್ಜ್ (ಕಡ್ಡಾಯ). ಬಾಲಿಗ್ ಆಗುವುದು ಅಂದರೇನು ಅಂತ ಹೇಳದೆ ಫರ್ಜ್ ಆಯಿತು ಅಂತ ಮಗುವಿಗೆ ತಿಳಿಯುವುದು ಹೇಗೆ?

ಬೆಹನ್, ಮಾತು ನಮ್ಮಲ್ಲೇ ಇದೆ. ಹೈಜ್ ಅಂದರೆ ಮುಟ್ಟು, ಎಹ್ತಿಲಾಮ್ ಅಂದರೆ ಸ್ವಪ್ನಸ್ಖಲನ, ಶರ್ಮ್‌ಗಾಹ್ ಅಂದರೆ ಗುಪ್ತಾಂಗ. ಮೂರೂ ಕಿತಾಬಿನ ಮಾತು, ಮೂರರಲ್ಲೂ ಹೊಲಸಿಲ್ಲ. ತಹಾರತ್ (ಶುದ್ಧಿ) ಪಾಠದಲ್ಲಿ ಗುಸುಲಿನ ಮೂರು ಫರ್ಜ್ ಬಾಯಿಪಾಠ ಮಾಡಿಸುತ್ತೇವೆ: ಬಾಯಿ ಮುಕ್ಕಳಿಸುವುದು, ಮೂಗಿಗೆ ನೀರೆಳೆಯುವುದು, ಮೈಯೆಲ್ಲ ತೊಳೆಯುವುದು. ಯಾವುದಾದ ಮೇಲೆ ಗುಸುಲ್ ಬೇಕು ಅಂತ ಹುಡುಗಿ ಕೇಳಿದರೆ ಪುಟ ಮಗುಚುತ್ತೇವೆ. ಹತ್ತು ವರ್ಷ ನಾನೂ ಮಗುಚಿದವಳೇ.

ಮದೀನಾದ ಉಮ್ಮು ಸುಲೈಮ್(ರ) ಎಂಬ ಹೆಂಗಸು ಪ್ರವಾದಿಯವರ(ಸ) ಬಳಿ ಹೋಗಿ, ಅಲ್ಲಾಹನು ಸತ್ಯದ ವಿಷಯದಲ್ಲಿ ನಾಚುವುದಿಲ್ಲ ಎಂದು ಮಾತು ತೆಗೆದು, ಹೆಣ್ಣಿಗೂ ಎಹ್ತಿಲಾಮ್ ಆದರೆ ಗುಸುಲ್ ಬೇಕೇ ಎಂದು ನೇರ ಕೇಳಿದರು. ಪ್ರವಾದಿಯವರು(ಸ) ಗದರಲಿಲ್ಲ, ದ್ರವ ಕಂಡರೆ ಬೇಕು ಎಂದರು. ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ದೀನ್ ಕಲಿಯಲು ಅನ್ಸಾರಿ (ಮದೀನಾದ) ಹೆಂಗಸರಿಗೆ ಹಯಾ ಅಡ್ಡ ಬರಲಿಲ್ಲ ಎಂದು ಪ್ರವಾದಿಯವರ(ಸ) ಪತ್ನಿ ಆಯಿಷಾ(ರ) ಆ ಹೆಂಗಸರನ್ನು ಹೊಗಳಿದ್ದಾರೆ.

ಮಗಳ ಪ್ರಶ್ನೆಯಿಂದಲೇ ಶುರು ಮಾಡಿ. ಹೈಜ್ ಬಂದಾಗ ರೋಜಾ ಇಲ್ಲ, ಆಮೇಲೆ ಖಜಾ ಇಡಬೇಕು (ಬಿಟ್ಟಿದ್ದನ್ನು ತುಂಬಿಕೊಡಬೇಕು). ನಮಾಜೂ ಇಲ್ಲ, ಅದಕ್ಕೆ ಖಜಾನೂ ಇಲ್ಲ. ಮಿಕ್ಕಿದ್ದನ್ನು ಅವಳೇ ಕೇಳುತ್ತಾಳೆ.

ಉತ್ತರ 3: ನರ್ಸ್

ಹತ್ತು ಬೇಗವಲ್ಲ. ಹೆಣ್ಣುಮಕ್ಕಳ ಮೈ 8ರಿಂದ 13ರೊಳಗೆ, ಗಂಡುಮಕ್ಕಳದ್ದು 9ರಿಂದ 14ರೊಳಗೆ ಬದಲಾಗತೊಡಗುತ್ತದೆ.

ಇನ್ನೊಂದು ಮಾತು, ಯಾರಿಗಾದರೂ ಕಹಿಯಾದರೆ ಆಗಲಿ. ಪರಪುರುಷರ ಬಗ್ಗೆ ಮಾತ್ರ ಎಚ್ಚರಿಸುತ್ತೇವೆ, ‘ಮಹ್ರಮ್’ (ಮದುವೆ ಆಗಬಾರದ ಹತ್ತಿರದ ಬಂಧು) ಅಂದರೆ ನಿಶ್ಚಿಂತೆ ಅಂದುಕೊಳ್ಳುತ್ತೇವೆ. ಮಕ್ಕಳನ್ನು ಕೆಡಿಸುವವರು ಬಹಳ ಸಲ ಮನೆಗೆ ಬಂದುಹೋಗುವ ಪರಿಚಯದವರೇ. ಕುರ್‌ಆನಿನ ಸೂರಾ ನೂರ್ 58ನೇ ಆಯತ್ (ವಚನ) ನೋಡಿ: ಮುಂಜಾನೆಯ ಫಜ್ರ್ ನಮಾಜಿಗೆ ಮುಂಚೆ, ಬಟ್ಟೆ ಸಡಿಲಿಸುವ ಮಧ್ಯಾಹ್ನ, ರಾತ್ರಿಯ ಇಶಾ ನಮಾಜು ಆದಮೇಲೆ, ಈ ಮೂರು ಹೊತ್ತು ಮಕ್ಕಳೂ ಕೇಳಿಯೇ ಒಳಗೆ ಬರಬೇಕು. ನಾನು ನನ್ನ ಮಕ್ಕಳಿಗೆ ಅದನ್ನೇ ತಿರುಗಿಸಿ ಹೇಳಿದೆ. ಅಪ್ಪ ಅಮ್ಮನ ಕೋಣೆಗೇ ಕೇಳಿ ಬರಬೇಕಾದರೆ, ನಿನ್ನ ಮೈ ಮುಟ್ಟಲು ಯಾರಿಗೂ ಹಾಗೇ ಹಕ್ಕಿಲ್ಲ. ಚಾಚಾ ಆಗಲಿ, ಉಸ್ತಾದ್ ಆಗಲಿ, ಬಂದು ನನಗೆ ಹೇಳು, ನಿನ್ನನ್ನು ಬೈಯಲ್ಲ.

ಉತ್ತರ 4: ಒಬ್ಬ ಅಬ್ಬಾ

ನಿಮ್ಮ ಯಜಮಾನರಿಗೆ ಇದನ್ನು ಓದಿಸಿ. ನನ್ನ ಮಗ ಫಜ್ರ್‌ಗೆ ಏಳುವುದನ್ನೇ ಬಿಟ್ಟಿದ್ದ. ಸೋಮಾರಿ ಅಂತ ತಿಂಗಳುಗಟ್ಟಲೆ ಬೈದೆ. ಒಂದು ದಿನ ಬೈಕಿನಲ್ಲಿ ಹೋಗುವಾಗ, ಮುಖ ನೋಡಬೇಕಿಲ್ಲವಲ್ಲ ಎಂಬ ಧೈರ್ಯಕ್ಕೆ, ‘ನಿದ್ದೆಯಲ್ಲಿ ಹಾಗಾದರೆ ಗುನಾಹ್ ಅಲ್ಲ, ಗುಸುಲ್ ಮಾಡಿದರೆ ಆಯ್ತು’ ಅಂದೆ. ಹಿಂದಿನಿಂದ ಸುಮಾರು ಹೊತ್ತು ಸದ್ದಿಲ್ಲ. ಆಮೇಲೆ, ‘ನಾನು ನಾಪಾಕ್ (ಅಶುದ್ಧ) ಅಂತ ಮಸೀದಿಗೆ ಬರ್ತಿರಲಿಲ್ಲ’ ಅಂದ. ಗಾಡಿ ನಿಲ್ಲಿಸಿಬಿಟ್ಟೆ.

ಇಬ್ಬರು ಮಕ್ಕಳ ಅಮ್ಮಿ (ಎರಡು ವಾರದ ನಂತರ)

ಇವರು ಓದಿದರು, ಏನೂ ಅನ್ನಲಿಲ್ಲ. ಆದರೆ ಶುಕ್ರವಾರ ಮಗನನ್ನು ಬೈಕಿನಲ್ಲಿ ಕೂರಿಸಿಕೊಂಡು ದೂರದ ಮಸೀದಿಗೆ ಹೋದರು. ಕೇಳಿಲ್ಲ ನಾನು.

ಮಗಳ ತಲೆ ಬಾಚುತ್ತಾ ಹೇಳಿದೆ. ಮುಖ ಆ ಕಡೆ ಇತ್ತು, ಸುಲಭವಾಯಿತು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ: ‘ತಪ್ಪಲ್ಲ ಅಂದ್ರೆ, ಸಹರಿಗೆ ಯಾಕೆ ಎದ್ದು ಉಂಡೆ?’

ಜಡೆ ಹಾಕಿ ಮುಗಿಸಿದೆ. ಉತ್ತರ ಇನ್ನೂ ಕೊಟ್ಟಿಲ್ಲ.