ಅಮೆರಿಕದಿಂದ ಬಂದ ಐಫೋನ್ 13ರಲ್ಲಿ ಇಲ್ಲಿಯ ಸಿಮ್ ಹಿಡಿಯುತ್ತಿಲ್ಲ: ಅನ್‌ಲಾಕ್ ಮಾಡಿಸುವುದು ಹೇಗೆ?

ಪ್ರಶ್ನೆ (ಜಯನಗರದಿಂದ):
ನಮಸ್ಕಾರ. ಅಮೆರಿಕದಲ್ಲಿರುವ ನನ್ನ ಸೋದರಳಿಯ ಊರಿಗೆ ಬಂದಾಗ ತಾನು ಬಳಸುತ್ತಿದ್ದ ಐಫೋನ್ 13 ಅನ್ನು ನನಗೆ ಕೊಟ್ಟು ಹೋಗಿದ್ದಾನೆ. ವೈಫೈಯಲ್ಲಿ ಎಲ್ಲವೂ ಸರಿಯಾಗಿದೆ; ಆದರೆ ಜಿಯೋ ಸಿಮ್ ಹಾಕಿದರೂ ಏರ್‌ಟೆಲ್ ಸಿಮ್ ಹಾಕಿದರೂ ‘ಸಿಮ್ ನಾಟ್ ಸಪೋರ್ಟೆಡ್’ ಎಂದೇ ಬರುತ್ತದೆ. ಅವೇ ಸಿಮ್‌ಗಳು ನನ್ನ ಹಳೆಯ ಫೋನಿನಲ್ಲಿ ಕೆಲಸ ಮಾಡುತ್ತವೆ. ಗಾಂಧಿನಗರದ ಅಂಗಡಿಯೊಂದರಲ್ಲಿ, ಸಿಮ್ ಜೊತೆಗೆ ತೆಳುವಾದ ಚಿಪ್ ಇಟ್ಟು ಕೂಡಲೇ ಅನ್‌ಲಾಕ್ ಮಾಡಿಕೊಡುತ್ತೇವೆ ಎನ್ನುತ್ತಾರೆ. ಒಪ್ಪಬಹುದೇ?

ಉತ್ತರ:
ಮೊದಲು ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ತೆರೆದು ‘ಕ್ಯಾರಿಯರ್ ಲಾಕ್’ ಎಂಬ ಸಾಲನ್ನು ನೋಡಿ. ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ತೊಂದರೆ ಬೇರೆಡೆ ಇದೆ. ‘ಸಿಮ್ ಲಾಕ್ಡ್’ ಎಂದಿದ್ದರೆ ಆ ಫೋನ್ ಅಮೆರಿಕದ ನೆಟ್‌ವರ್ಕ್ ಕಂಪನಿಗೆ ಇನ್ನೂ ಕಟ್ಟುಬಿದ್ದಿದೆ, ಬೇರೆ ಕಂಪನಿಯ ಸಿಮ್ ಅದರಲ್ಲಿ ನಡೆಯದು. ಫೋನನ್ನೂ ಸಿಮ್ಮನ್ನೂ ಬೇರೆಬೇರೆಯಾಗಿ ಕೊಳ್ಳುವ ನಮಗೆ, ಜಿಯೋಫೋನ್‌ನಂಥ ಅಪವಾದ ಬಿಟ್ಟರೆ, ಈ ಲಾಕ್ ಅಷ್ಟಾಗಿ ಪರಿಚಯವಿಲ್ಲ.

ಐಫೋನಿನ ಮಟ್ಟಿಗೆ ಈ ಲಾಕ್‌ನ ದಾಖಲೆ ಇರುವುದು ಆಪಲ್‌ನ ಸರ್ವರಿನಲ್ಲಿ, ಆ ಫೋನನ್ನು ಗುರುತಿಸುವ 15 ಅಂಕಿಗಳ ಐಎಂಇಐ ಸಂಖ್ಯೆಯ ಹೆಸರಿನಲ್ಲಿ. ಅದನ್ನು ತೆಗೆಯಲು ಒಪ್ಪಿಗೆ ಕೊಡಬೇಕಾದದ್ದು ಆ ನೆಟ್‌ವರ್ಕ್ ಕಂಪನಿ. ಅಂಗಡಿಯ ಚಿಪ್ ಈ ದಾಖಲೆಯನ್ನು ಮುಟ್ಟುವುದೇ ಇಲ್ಲ. ಅದು ಸಿಮ್ಮಿಗೂ ಫೋನಿಗೂ ನಡುವೆ ಕುಳಿತು, ಒಳಗಿರುವುದು ಮೂಲ ಕಂಪನಿಯ ಸಿಮ್ಮೇ ಎಂದು ಫೋನನ್ನು ನಂಬಿಸುತ್ತದೆ. ಮುಂದಿನ ಸಾಫ್ಟ್‌ವೇರ್ ಅಪ್‌ಡೇಟ್ ಆ ಕಿಂಡಿಯನ್ನು ಮುಚ್ಚಿದರೆ ನೆಟ್‌ವರ್ಕ್ ಮತ್ತೆ ಹೋಗುತ್ತದೆ, ನೀವು ಮತ್ತೆ ಅದೇ ಅಂಗಡಿಯ ಮುಂದೆ ನಿಲ್ಲಬೇಕಾಗುತ್ತದೆ. ಇದನ್ನು ಅನ್‌ಲಾಕ್ ಎಂದು ಮಾರುವುದೇ ತಪ್ಪು. (ಅಮೆರಿಕದಲ್ಲಿ ಮಾರುವ ಐಫೋನ್ 14ರಿಂದೀಚಿನ ಫೋನುಗಳಲ್ಲಿ ಸಿಮ್ ಟ್ರೇಯೇ ಇಲ್ಲದ ಕಾರಣ ಈ ಉಪಾಯಕ್ಕೆ ಅಲ್ಲಿ ಜಾಗವೂ ಇಲ್ಲ.)

ಪ್ರಶ್ನೆ ಕೇಳಿದವರು:
‘ಸಿಮ್ ಲಾಕ್ಡ್’ ಎಂದೇ ಇದೆ. ಫೋನಿನ ಕಂತು ಇನ್ನೂ ಬಾಕಿ ಇದೆ ಎಂದು ಸೋದರಳಿಯ ಹೇಳುತ್ತಾನೆ. ಐಎಂಇಐ ಪಡೆದು ಆನ್‌ಲೈನಿನಲ್ಲೇ ಅನ್‌ಲಾಕ್ ಮಾಡುವವರಿಗೆ ಹಣ ಕೊಟ್ಟರೆ ಆಗದೇ?

ಉತ್ತರ:
ಅವರು ಕೂಡ ಕೊನೆಗೆ ಅದೇ ದಾಖಲೆಯನ್ನು ಬದಲಿಸಬೇಕು, ಯಾವ ದಾರಿಯಿಂದ ಎಂಬುದನ್ನು ಮಾತ್ರ ಹೇಳುವುದಿಲ್ಲ, ಆದ್ದರಿಂದ ಬೇಡ. ಗ್ರಾಹಕರು ಫೋನ್ ಅನ್‌ಲಾಕ್ ಮಾಡಿಸಿಕೊಳ್ಳುವುದನ್ನು ಅಮೆರಿಕದ 2014ರ ಕಾನೂನು ಒಪ್ಪುತ್ತದಾದರೂ, ಬಾಕಿ ತೀರಿಸುವ ಹೊಣೆಯಿಂದ ಅದು ಬಿಡಿಸುವುದಿಲ್ಲ. ನಿಮ್ಮ ಸೋದರಳಿಯ ಉಳಿದ ಕಂತನ್ನು ಪೂರ್ತಿ ಕಟ್ಟಿ, ತನ್ನ ಖಾತೆಯಿಂದಲೇ ಆ ಕಂಪನಿಗೆ ಅನ್‌ಲಾಕ್ ಕೋರಿಕೆ ಸಲ್ಲಿಸಲಿ. ಐಎಂಇಐ ಬೇಕಾದರೆ ನೀವು *#06# ಒತ್ತಿ ನೋಡಿ ಅವನಿಗೆ ಕಳುಹಿಸಬಹುದು.

ಇನ್ನೊಬ್ಬರ ಉತ್ತರ:
ಒಂದು ಮಾತು ಸೇರಿಸುತ್ತೇನೆ. ಸೋದರಳಿಯನ ಆಪಲ್ ಐಡಿ ಆ ಫೋನಿನಲ್ಲಿ ಇನ್ನೂ ಇದ್ದರೆ ಅದನ್ನು ಅವನಿಂದಲೇ ಈಗಲೇ ತೆಗೆಸಿ. ಆ ಐಡಿಗೆ ಫೋನನ್ನು ಕಟ್ಟಿಹಾಕುವ ಆಕ್ಟಿವೇಶನ್ ಲಾಕ್ ಎಂಬುದು ಸಿಮ್ ಲಾಕ್‌ಗಿಂತ ಬೇರೆಯ ಬೀಗ, ನೆಟ್‌ವರ್ಕ್ ಕಂಪನಿಯ ಒಪ್ಪಿಗೆಯಿಂದ ಅದು ತೆರೆಯುವುದಿಲ್ಲ. ಕಂಪನಿಯ ಒಪ್ಪಿಗೆ ಬಂದ ಮೇಲೆ ನಿಮ್ಮ ಸಿಮ್ ಹಾಕಿ ವೈಫೈಗೆ ಜೋಡಿಸಿ. ಆಗಲೂ ಅದೇ ಸೂಚನೆ ಬಂದರೆ, ಫೋಟೊ ಮತ್ತು ವಾಟ್ಸಾಪ್ ಸೇರಿದಂತೆ ಎಲ್ಲದರ ಬ್ಯಾಕಪ್ ತೆಗೆದುಕೊಂಡು, ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಸೆಟಪ್ ಮಾಡಿ.